ಜಿಎಜಿ: ಬೀಟಾ ಗ್ಲೋಬಿನ್ ಜೀನಿನ ಆರನೇ ಪದ

ತಳಿವಿಜ್ಞಾನದ ಪಾಠ ಸಾಮಾನ್ಯವಾಗಿ ಮೆಂಡೆಲನ ಬಟಾಣಿಯಿಂದ ಶುರುವಾಗುತ್ತದೆ. ಆಮೇಲೆ ಡಿಎನ್‌ಎ ಎಂಬ ಹೊಸೆದ ಏಣಿಯ ಚಿತ್ರ ಬರುತ್ತದೆ, ಕೊನೆಗೆ ಪ್ರಬಲ-ದುರ್ಬಲ ಎಂಬ ವ್ಯಾಖ್ಯೆಗಳು. ಬಟಾಣಿ ಗಿಡದ ಎತ್ತರಕ್ಕೂ ಆ ಏಣಿಗೂ ಏನು ನಂಟು ಅಂತ ಕೇಳಿದರೆ ಪಾಸಾದವರೂ ತಡವರಿಸುತ್ತಾರೆ. ಹಾಗಾಗಿ ಇಲ್ಲಿ ಬಟಾಣಿ ಬೇಡ. ಮನುಷ್ಯನ ಒಂದೇ ಒಂದು ಜೀನ್, ಅದರಲ್ಲೂ ಒಂದೇ ಒಂದು ಪದ ಸಾಕು. ಅಕ್ಷರದಿಂದ ಪ್ರೋಟೀನ್‌ವರೆಗೆ, ಪ್ರೋಟೀನ್‌ನಿಂದ ಕಾಯಿಲೆಯವರೆಗೆ, ಕಾಯಿಲೆಯಿಂದ ಲ್ಯಾಬಿನ ವರದಿಯವರೆಗೆ ಎಲ್ಲವೂ ಅದರಲ್ಲೇ ಸಿಗುತ್ತದೆ.

ಜೀನಿನ ಹೆಸರು ಬೀಟಾ ಗ್ಲೋಬಿನ್, ಚಿಕ್ಕದಾಗಿ ಎಚ್‌ಬಿಬಿ. ಕೆಂಪು ರಕ್ತಕಣದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಎಂಬ ಪ್ರೋಟೀನಿನಲ್ಲಿ ಆಲ್ಫಾ, ಬೀಟಾ ಎಂಬ ಎರಡು ಬಗೆಯ ಸರಗಳಿವೆ, ಬೀಟಾ ಸರದ ಪಾಠ ಈ ಜೀನಿನಲ್ಲಿದೆ. 11ನೇ ಕ್ರೋಮೋಸೋಮಿನ ಮೇಲಿದೆ. ಸುಮಾರು 1,600 ಅಕ್ಷರ ಉದ್ದ. ಜೀನ್‌ಗಳ ಲೋಕದಲ್ಲಿ ಇದು ಪುಟ್ಟದು. ನಡುವೆ ಕತ್ತರಿಸಿ ಎಸೆಯುವ ಎರಡು ಭಾಗಗಳಿವೆ (ಇಂಟ್ರಾನ್), ಉಳಿಸಿಕೊಳ್ಳುವ ಮೂರು ಭಾಗಗಳಿವೆ (ಎಕ್ಸಾನ್). ಪ್ರೋಟೀನ್ ಮಾಡಲು ನಿಜಕ್ಕೂ ಓದಿಸಿಕೊಳ್ಳುವ ಅಕ್ಷರಗಳು 444. ಅವುಗಳಲ್ಲಿ ಮೊದಲ 30 ಇಲ್ಲಿವೆ, ಮೂರು ಮೂರಾಗಿ ಬಿಡಿಸಿ ಬರೆದಿದ್ದೇನೆ:

ಎಟಿಜಿ ಜಿಟಿಜಿ ಸಿಎಟಿ ಸಿಟಿಜಿ ಎಸಿಟಿ ಸಿಸಿಟಿ ಜಿಎಜಿ ಜಿಎಜಿ ಎಎಜಿ ಟಿಸಿಟಿ

ಎ, ಟಿ, ಜಿ, ಸಿ ಎಂಬ ನಾಲ್ಕು ಅಕ್ಷರ ಬಿಟ್ಟರೆ ಡಿಎನ್‌ಎಯಲ್ಲಿ ಐದನೆಯದಿಲ್ಲ. ಏಣಿಗೆ ಎರಡು ಎಳೆ, ಎದುರಿನ ಎಳೆಯಲ್ಲಿ ಎ ಇದ್ದಲ್ಲಿ ಟಿ, ಜಿ ಇದ್ದಲ್ಲಿ ಸಿ. ಮೂರು ಮೂರಾಗಿ ಏಕೆ ಎಂಬುದಕ್ಕೆ ಕನ್ನಡ ಓದಿದವರಿಗೆ ಉತ್ತರ ಹೈಸ್ಕೂಲಿನಲ್ಲೇ ಸಿಕ್ಕಿದೆ. ಅಕ್ಷರಗಣ ನೆನಪಿಸಿಕೊಳ್ಳಿ. ಗುರು, ಲಘು ಎಂಬ ಎರಡೇ ಗುರುತು, ಮೂರು ಮೂರು ಅಕ್ಷರಕ್ಕೊಂದು ಗಣ. ಎರಡರ ಮೂರು ಘಾತ ಎಂಟು, ಅದಕ್ಕೇ ಮ-ನ-ಭ-ಯ-ಜ-ರ-ಸ-ತ ಎಂಬ ಎಂಟು ಗಣಗಳು, ಒಂಬತ್ತನೆಯದು ಸಾಧ್ಯವೇ ಇಲ್ಲ. ಡಿಎನ್‌ಎಯಲ್ಲಿ ಗುರುತುಗಳು ನಾಲ್ಕು, ಗಣ ಮೂರರದ್ದೇ. ನಾಲ್ಕರ ಮೂರು ಘಾತ 64. ಈ ಮೂರಕ್ಷರದ ಗಣಕ್ಕೆ ಕೋಡಾನ್ ಎಂದು ಹೆಸರು. ಇಲ್ಲಿ ಪದ ಅನ್ನುತ್ತೇನೆ.

64 ಪದಗಳಲ್ಲಿ ಮೂರು (ಟಿಎಎ, ಟಿಎಜಿ, ಟಿಜಿಎ) ಪೂರ್ಣವಿರಾಮ. ಉಳಿದ 61 ಪದಗಳು ಸೇರಿ ಹೇಳುವುದು ಪ್ರೋಟೀನ್ ಸರದ ಮಣಿಗಳಾದ ಕೇವಲ 20 ಅಮೈನೋ ಆಮ್ಲಗಳ ಹೆಸರನ್ನು. ಅಂದರೆ ಸಮಾನಾರ್ಥಕ ಪದಗಳು ಧಾರಾಳವಾಗಿವೆ. ಜೀವಕೋಶ ಮೂಲಪ್ರತಿಯನ್ನು ನೇರವಾಗಿ ಕೆಲಸಕ್ಕೆ ಬಳಸುವುದಿಲ್ಲ. ಎದುರಿನ ಎಳೆಯನ್ನು ಅಚ್ಚಾಗಿಟ್ಟುಕೊಂಡು ಆರ್‌ಎನ್‌ಎ ಎಂಬ ನಕಲು ಇಳಿಸಿಕೊಳ್ಳುತ್ತದೆ. ನಕಲಿನಲ್ಲಿ ಟಿ ಬದಲು ಯು ಇರುತ್ತದೆ, ಅಕ್ಷರಗಳಲ್ಲಿ ಅಷ್ಟೇ ವ್ಯತ್ಯಾಸ. ಆ ನಕಲಿನಿಂದ ಇಂಟ್ರಾನ್‌ಗಳನ್ನು ಕತ್ತರಿಸಿ ತೆಗೆದ ಮೇಲೆ ರೈಬೋಸೋಮ್ ಎಂಬ ಯಂತ್ರ ಮೂರು ಮೂರಾಗಿ ಓದುತ್ತಾ, ಪದಕ್ಕೊಂದು ಅಮೈನೋ ಆಮ್ಲವನ್ನು ಸರದಂತೆ ಪೋಣಿಸುತ್ತದೆ. ಮೇಲಿನ ಸಾಲು ಪೋಣಿಸಿದಾಗ ಬರುವುದು: ಮೆಥಿಯೊನೀನ್, ವ್ಯಾಲೀನ್, ಹಿಸ್ಟಿಡೀನ್, ಲ್ಯೂಸೀನ್, ಥ್ರಿಯೊನೀನ್, ಪ್ರೋಲೀನ್, ಗ್ಲುಟಾಮಿಕ್ ಆಮ್ಲ, ಇನ್ನೊಂದು ಗ್ಲುಟಾಮಿಕ್ ಆಮ್ಲ, ಲೈಸೀನ್, ಸೆರೀನ್. ಮೊದಲ ಮೆಥಿಯೊನೀನ್ ಬರೀ ಶುರುವಿನ ಗುರುತು. ಸರ ಬೆಳೆಯುತ್ತಿರುವಾಗಲೇ ಅದನ್ನು ಕಿತ್ತು ಹಾಕಲಾಗುತ್ತದೆ. ಹೀಗಾಗಿ ಪ್ರೋಟೀನಿನಲ್ಲಿ ವ್ಯಾಲೀನೇ ಒಂದನೆಯದು, ಮೊದಲ ಜಿಎಜಿ ಆರನೆಯದು. ಈ ಎಣಿಕೆಯ ಗೊಂದಲ ಕೊನೆಯಲ್ಲಿ ಮತ್ತೆ ಬರುತ್ತದೆ.

ಈಗ ಆ ಆರನೇ ಪದವನ್ನು ಹಿಡಿದುಕೊಳ್ಳೋಣ. ಜಿಎಜಿಯ ಕೊನೆಯ ಜಿ ಹೋಗಿ ಎ ಬಂದರೆ ಜಿಎಎ. ಅದರ ಅರ್ಥವೂ ಗ್ಲುಟಾಮಿಕ್ ಆಮ್ಲವೇ, ಪ್ರೋಟೀನಿಗೆ ಗೊತ್ತೇ ಆಗುವುದಿಲ್ಲ. ಮೊದಲ ಜಿ ಎ ಆದರೆ ಎಎಜಿ, ಅಂದರೆ ಲೈಸೀನ್. ಇದು ಹಿಮೋಗ್ಲೋಬಿನ್ ಸಿ, ಪಶ್ಚಿಮ ಆಫ್ರಿಕಾದಲ್ಲಿ ಹೆಚ್ಚು. ತಾಯಿಯಿಂದ, ತಂದೆಯಿಂದ ಬಂದ ಎರಡೂ ಪ್ರತಿ ಹೀಗಿದ್ದರೂ ಸಾಮಾನ್ಯವಾಗಿ ಸೌಮ್ಯ ರಕ್ತಹೀನತೆ ಅಷ್ಟೇ. ನಡುವಿನ ಎ ಟಿ ಆದರೆ ಜಿಟಿಜಿ, ಅಂದರೆ ವ್ಯಾಲೀನ್. ಕುಡುಗೋಲು ಕಣ (ಸಿಕಲ್ ಸೆಲ್) ರಕ್ತಹೀನತೆಯ ಹಿಮೋಗ್ಲೋಬಿನ್ ಎಸ್ ಇದೇ.

ಇನ್ನೂ ಒಂದಿದೆ. ನಡುವಿನ ಎ ಬದಲಾಗದೆ ಬಿದ್ದೇ ಹೋದರೆ? ಛಂದಸ್ಸಿನ ಪ್ರಸ್ತಾರ ಹಾಕುವಾಗ ಒಂದು ಅಕ್ಷರ ಬಿಟ್ಟುಬಿಟ್ಟರೆ ಆ ಗಣ ಮಾತ್ರವಲ್ಲ, ಮುಂದಿನ ಅಷ್ಟೂ ಗಣಗಳು ಕೆಡುತ್ತವಲ್ಲ, ಇಲ್ಲಿಯೂ ಹಾಗೆಯೇ. ಸಿಸಿಟಿ ಆದ ಮೇಲೆ ಜಿಜಿಜಿ, ಎಜಿಎ, ಎಜಿಟಿ, ಸಿಟಿಜಿ ಎಂದು ಓದು ದಾರಿ ತಪ್ಪಿ, ಸರಿಯಾಗಿ 18ನೇ ಪದದಲ್ಲಿ ಟಿಜಿಎ ಎಂಬ ಪೂರ್ಣವಿರಾಮ ಎದುರಾಗುತ್ತದೆ. 146 ಮಣಿಯ ಸರ ಹದಿನೇಳಕ್ಕೇ ನಿಂತಿತು. ಆ ಪ್ರತಿಯಿಂದ ಬೀಟಾ ಗ್ಲೋಬಿನ್ ತಯಾರಾಗುವುದೇ ಇಲ್ಲ. ಇದು ಬೀಟಾ ಥಲಸೀಮಿಯಾದ ಒಂದು ಬಗೆ, ಮೆಡಿಟರೇನಿಯನ್ ಸೀಮೆಯಲ್ಲಿ ಕಂಡುಬರುತ್ತದೆ. ಒಂದೇ ಪದ, ಒಂದೊಂದೇ ಅಕ್ಷರದ ತಪ್ಪು, ನಾಲ್ಕು ಬೇರೆ ಫಲ. "ಮ್ಯುಟೇಶನ್ ಅಂದರೆ ಹಾನಿ" ಎಂಬ ವ್ಯಾಖ್ಯೆ ಎಷ್ಟು ಒರಟು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ವ್ಯಾಲೀನ್ ಬಂದರೆ ಏನಾಗುತ್ತದೆ? ಗ್ಲುಟಾಮಿಕ್ ಆಮ್ಲಕ್ಕೆ ಋಣ ವಿದ್ಯುದಂಶವಿದೆ, ನೀರಿನ ಜೊತೆ ಹೊಂದಿಕೊಂಡಿರುತ್ತದೆ. ವ್ಯಾಲೀನ್ ಎಣ್ಣೆಯ ಜಾತಿ, ನೀರಿನಿಂದ ತಪ್ಪಿಸಿಕೊಳ್ಳಲು ಮರೆ ಹುಡುಕುತ್ತದೆ. ಹಿಮೋಗ್ಲೋಬಿನ್ ಆಮ್ಲಜನಕ ಬಿಟ್ಟುಕೊಟ್ಟಾಗ ಅದರ ಆಕಾರ ತುಸು ಬದಲಾಗಿ, ಪಕ್ಕದ ಹಿಮೋಗ್ಲೋಬಿನ್‌ನ ಬೀಟಾ ಸರದಲ್ಲಿ 85ನೇ ಫಿನೈಲ್‌ಅಲನೀನ್ ಮತ್ತು 88ನೇ ಲ್ಯೂಸೀನ್ ನಡುವೆ ಅಂಥದೇ ಎಣ್ಣೆಜಾತಿಯ ಒಂದು ಗುಳಿ ತೆರೆದುಕೊಳ್ಳುತ್ತದೆ. ವ್ಯಾಲೀನ್ ಅದರೊಳಗೆ ಕೂರುತ್ತದೆ. ಒಂದಕ್ಕೊಂದು ಸಿಕ್ಕಿಕೊಂಡು ಉದ್ದನೆಯ ನಾರುಗಳಾಗಿ ಕೆಂಪು ಕಣವನ್ನು ಒಳಗಿನಿಂದ ಕುಡುಗೋಲಿನಂತೆ ಬಾಗಿಸುತ್ತವೆ. ಆಮ್ಲಜನಕ ಸಿಕ್ಕರೆ ನಾರು ಕರಗುತ್ತದೆ. ಆದರೆ ಬಾಗಿ-ನೆಟ್ಟಗಾಗಿ ಬಾಗಿ-ನೆಟ್ಟಗಾಗಿ ಕಣದ ಪೊರೆ ಹಾಳಾಗುತ್ತದೆ. 120 ದಿನ ಬಾಳಬೇಕಾದ ಕಣ 10-20 ದಿನಕ್ಕೇ ಮುಗಿಯುತ್ತದೆ. ಅದು ರಕ್ತಹೀನತೆ. ಸಣ್ಣ ರಕ್ತನಾಳದಲ್ಲಿ ಸಿಕ್ಕಿಬಿದ್ದರೆ ಅದು ನೋವು.

ಇನ್ನು ಪ್ರಬಲ-ದುರ್ಬಲದ ಮಾತು. ಪ್ರತಿಯೊಬ್ಬರಲ್ಲೂ ಈ ಜೀನಿನ ಎರಡು ಪ್ರತಿ, ತಾಯಿಯದೊಂದು ತಂದೆಯದೊಂದು. ಎರಡೂ ಸರಿಯಿದ್ದರೆ ಎಎ, ಒಂದು ಕೆಟ್ಟಿದ್ದರೆ ಎಎಸ್ (ವಾಹಕ), ಎರಡೂ ಕೆಟ್ಟಿದ್ದರೆ ಎಸ್‌ಎಸ್ (ರೋಗಿ). ಇಲ್ಲಿ ಎ ಅಂದರೆ ಸಹಜವಾದ ಹಿಮೋಗ್ಲೋಬಿನ್ ಎ, ಡಿಎನ್‌ಎಯ ಅಕ್ಷರ ಎ ಅಲ್ಲ. ಎಎಸ್ ಇದ್ದವರು ದಿನನಿತ್ಯದಲ್ಲಿ ಆರೋಗ್ಯವಾಗಿರುತ್ತಾರೆ, ಆದ್ದರಿಂದ ಪುಸ್ತಕಗಳು ಎಸ್ ಅನ್ನು ದುರ್ಬಲ ಎನ್ನುತ್ತವೆ. ಆದರೆ ಅವರ ರಕ್ತದಲ್ಲಿ ಎರಡೂ ಬಗೆಯ ಹಿಮೋಗ್ಲೋಬಿನ್ ಇರುತ್ತದೆ, ಹಾಗಾಗಿ ಪ್ರೋಟೀನ್ ಮಟ್ಟದಲ್ಲಿ ಎರಡೂ ಸಮಬಲ. ಅದೇ ರಕ್ತವನ್ನು ಸಿಕಲ್ ಪರೀಕ್ಷೆಯ ಟ್ಯೂಬಿಗೆ ಹಾಕಿದರೆ ಎಎಸ್ ಕೂಡ ಪಾಸಿಟಿವ್, ಅಲ್ಲಿ ಎಸ್ ಪ್ರಬಲ! ಪ್ರಬಲವೋ ದುರ್ಬಲವೋ ಎನ್ನುವುದು ಜೀನಿನ ಗುಣವೇ ಅಲ್ಲ. ನೀವು ಎಲ್ಲಿ ನಿಂತು ನೋಡುತ್ತೀರಿ ಎನ್ನುವುದರ ಮೇಲಿದೆ. ಅಂದಹಾಗೆ ಎಎಸ್ ಇದ್ದವರಲ್ಲಿ ಎಸ್ ಪಾಲು 50% ಇರುವುದಿಲ್ಲ, 35-40% ಸುಮಾರು. ಆಲ್ಫಾ ಸರಗಳು ಸರಿಯಿರುವ ಬೀಟಾ ಸರದ ಜೊತೆ ಹೆಚ್ಚು ಬೇಗ ಜೋಡಿಯಾಗುತ್ತವೆ, ಆ ಋಣ ವಿದ್ಯುದಂಶದ ಸೆಳೆತದಿಂದ.

ತಂದೆ-ತಾಯಿ ಇಬ್ಬರೂ ಎಎಸ್ ಆದರೆ ಮಗು ಎಸ್‌ಎಸ್ ಆಗುವ ಸಾಧ್ಯತೆ ನಾಲ್ಕರಲ್ಲೊಂದು. ಇದನ್ನು "ನಾಲ್ಕು ಮಕ್ಕಳಲ್ಲಿ ಒಂದಕ್ಕೆ ಬರುತ್ತದೆ, ಮೊದಲನೆಯದಕ್ಕೆ ಬಂದಾಯಿತು, ಉಳಿದ ಮೂರು ಬಚಾವು" ಎಂದು ಅರ್ಥಮಾಡಿಕೊಳ್ಳುವುದೇ ಅತಿ ದೊಡ್ಡ ಅನಾಹುತ. ಪ್ರತಿ ಬಸಿರಿಗೂ ಚೀಟಿ ಹೊಸದಾಗಿ ಎತ್ತಬೇಕು, ಹಿಂದಿನ ಚೀಟಿಯ ನೆನಪು ಅದಕ್ಕಿಲ್ಲ. ಅಂಥ ದಂಪತಿಗೆ ನಾಲ್ಕು ಮಕ್ಕಳಾದರೆ ಒಬ್ಬರಿಗೂ ಕಾಯಿಲೆ ಬಾರದಿರುವ ಸಾಧ್ಯತೆ ಮುಕ್ಕಾಲರ ನಾಲ್ಕು ಘಾತ, ಅಂದರೆ 256ರಲ್ಲಿ 81, ಸುಮಾರು 32%.

ಇದನ್ನೆಲ್ಲ ಪತ್ತೆ ಹಚ್ಚುವುದು ಹೇಗೆ? ಊರೂರಿನ ತಪಾಸಣಾ ಶಿಬಿರಗಳಲ್ಲಿ ಹಿಂದಿನಿಂದ ನಡೆದುಬಂದಿರುವುದು ಸಾಲ್ಯುಬಿಲಿಟಿ ಪರೀಕ್ಷೆ. ಕೋಣೆಯ ಉಷ್ಣತೆಗೆ ಬಂದ 2 ಮಿಲಿ ದ್ರಾವಣಕ್ಕೆ 20 ಮೈಕ್ರೋಲೀಟರ್ ರಕ್ತ. ದ್ರಾವಣದಲ್ಲಿರುವ ಸಾಪೊನಿನ್ ಕೆಂಪು ಕಣಗಳನ್ನು ಒಡೆಯುತ್ತದೆ, ಸೋಡಿಯಂ ಡೈಥಯೊನೈಟ್ ಆಮ್ಲಜನಕ ಕಸಿಯುತ್ತದೆ, ಗಾಢ ಫಾಸ್ಫೇಟ್ ದ್ರಾವಣದಲ್ಲಿ ಹಿಮೋಗ್ಲೋಬಿನ್ ಎಸ್ ಕರಗದೆ ಉಳಿಯುತ್ತದೆ. ಐದು ನಿಮಿಷ ಬಿಟ್ಟು, ಟ್ಯೂಬಿನ ಹಿಂದೆ ಕಪ್ಪು ಗೆರೆ ಎಳೆದ ಕಾಗದ ಹಿಡಿದು ನೋಡಿ. ಗೆರೆ ಕಂಡರೆ ನೆಗೆಟಿವ್, ಮಬ್ಬಾಗಿ ಮರೆಯಾದರೆ ಪಾಸಿಟಿವ್.

ಅಗ್ಗದ, ಒಳ್ಳೆಯ ಪರೀಕ್ಷೆಯೇ. ಎಡವುವ ಜಾಗಗಳು ಮಾತ್ರ ಹಲವು. ಡೈಥಯೊನೈಟ್ ಗಾಳಿ ತಾಗಿದರೆ ಸತ್ವ ಕಳೆದುಕೊಳ್ಳುತ್ತದೆ, ಹಳೆಯ ದ್ರಾವಣದಲ್ಲಿ ಎಲ್ಲರೂ ನೆಗೆಟಿವ್. ಹಾಗಾಗಿ ಪ್ರತಿ ದಿನ ಒಂದು ಗೊತ್ತಿರುವ ಎಎಸ್ ರಕ್ತ ಮತ್ತು ಒಂದು ಎಎ ರಕ್ತ ಹಾಕಿ ನೋಡದೆ ಕೆಲಸ ಶುರುಮಾಡಬಾರದು. ಹಿಮೋಗ್ಲೋಬಿನ್ ತೀರಾ ಕಡಿಮೆಯಿದ್ದವರಲ್ಲಿ (7 ಗ್ರಾಂನ ಆಸುಪಾಸು) 20 ಮೈಕ್ರೋಲೀಟರ್ ಸಾಲದು, ರಕ್ತದ ಪ್ರಮಾಣ ಇಮ್ಮಡಿ ಮಾಡಬೇಕು. ಆರು ತಿಂಗಳೊಳಗಿನ ಕೂಸುಗಳಿಗೆ ಈ ಪರೀಕ್ಷೆ ಮಾಡಲೇಬಾರದು. ಹುಟ್ಟುವಾಗ ಹಿಮೋಗ್ಲೋಬಿನ್‌ನ ಬಹುಪಾಲು ಭ್ರೂಣದ್ದು (ಹಿಮೋಗ್ಲೋಬಿನ್ ಎಫ್), ಅದರಲ್ಲಿ ಬೀಟಾ ಸರವೇ ಇಲ್ಲ, ಬದಲಿಗೆ ಗಾಮಾ ಸರ. ಜೀನ್ ಕೆಟ್ಟಿದ್ದರೂ ಇನ್ನೂ ಬಾಯಿ ಬಿಟ್ಟಿರುವುದಿಲ್ಲ. ಇತ್ತೀಚೆಗೆ ರಕ್ತ ಹಾಕಿಸಿಕೊಂಡವರಲ್ಲಿ ಕಾಣುವುದು ದಾನಿಯ ಹಿಮೋಗ್ಲೋಬಿನ್. ಇನ್ನು ರಕ್ತದಲ್ಲಿ ಕೊಬ್ಬು ವಿಪರೀತವಿದ್ದರೆ ಎಸ್ ಇಲ್ಲದೆಯೂ ಮಬ್ಬಾಗಬಹುದು.

ಇವೆಲ್ಲಕ್ಕಿಂತ ದೊಡ್ಡ ಕೊರತೆ, ಪಾಸಿಟಿವ್ ಬಂದವರು ಎಎಸ್ಸೋ ಎಸ್‌ಎಸ್ಸೋ ಎಂದು ಈ ಪರೀಕ್ಷೆ ಹೇಳುವುದಿಲ್ಲ. ಹಿಮೋಗ್ಲೋಬಿನ್ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರ, ಅಥವಾ ವಿದ್ಯುತ್ ಹಾಯಿಸಿ ಅವನ್ನು ಬೇರ್ಪಡಿಸುವ ಹಿಮೋಗ್ಲೋಬಿನ್ ಎಲೆಕ್ಟ್ರೋಫೋರೆಸಿಸ್ ಬೇಕೇ ಬೇಕು. ಎಲೆಕ್ಟ್ರೋಫೋರೆಸಿಸ್‌ನಲ್ಲಿ ಋಣ ವಿದ್ಯುದಂಶ ಕಡಿಮೆಯಾದ ಎಸ್, ಎಗಿಂತ ನಿಧಾನ ಓಡುತ್ತದೆ. ಕ್ಷಾರೀಯ ದ್ರಾವಣದಲ್ಲಿ ಮಾತ್ರ ಓಡಿಸಿದರೆ ಹಿಮೋಗ್ಲೋಬಿನ್ ಡಿ ಪಂಜಾಬ್ ಎಂಬ ಇನ್ನೊಂದು ಬಗೆ ಕೂಡ ಎಸ್ ಜಾಗದಲ್ಲೇ ಬಂದು ಕೂರುತ್ತದೆ. ಆ ಬೆರಕೆ ಬಿಡಿಸಲು ಆಮ್ಲೀಯ ದ್ರಾವಣದಲ್ಲಿ ಇನ್ನೊಮ್ಮೆ ಓಡಿಸಬೇಕು. ಮದುವೆಗೆ ಮುಂಚೆ ತಪಾಸಣೆ ಮಾಡಿಸುವವರು ಗಮನಿಸಬೇಕಾದ್ದು ಇನ್ನೊಂದಿದೆ. ಒಬ್ಬರು ಎಎಸ್, ಇನ್ನೊಬ್ಬರು ಬೀಟಾ ಥಲಸೀಮಿಯಾ ವಾಹಕ ಆಗಿದ್ದರೆ, ಎರಡನೆಯವರ ಸಿಕಲ್ ಪರೀಕ್ಷೆ ನೆಗೆಟಿವ್ ಬರುತ್ತದೆ. "ಒಬ್ಬರಿಗಷ್ಟೇ ಇದೆ, ಭಯವಿಲ್ಲ" ಎಂದು ಕಳಿಸಿಬಿಟ್ಟರೆ ತಪ್ಪು. ಅವರ ಮಗುವಿಗೂ ನಾಲ್ಕರಲ್ಲೊಂದು ಪಾಲು ಎಸ್-ಬೀಟಾ ಥಲಸೀಮಿಯಾ ಬರಬಹುದು, ಅದು ಎಸ್‌ಎಸ್‌ನಷ್ಟೇ ಕಾಡಬಲ್ಲದು. ಎಚ್‌ಪಿಎಲ್‌ಸಿಯಲ್ಲಿ ಹಿಮೋಗ್ಲೋಬಿನ್ ಎ2 ಪ್ರಮಾಣ (ಬೀಟಾ ಥಲಸೀಮಿಯಾ ವಾಹಕರಲ್ಲಿ ಹೆಚ್ಚಿರುವುದು) 3.5% ಮೀರಿದೆಯೇ ಎಂದು ಇಬ್ಬರದ್ದೂ ನೋಡಬೇಕು.

ನೇರವಾಗಿ ಡಿಎನ್‌ಎಯನ್ನೇ ಕೇಳುವ ಪರೀಕ್ಷೆಗೆ ಬರೋಣ. ಡಿಎನ್‌ಎಯ ಒಂದು ತುಣುಕನ್ನು ಸುತ್ತು ಸುತ್ತಾಗಿ ನಕಲು ಮಾಡಿ ಹೆಚ್ಚಿಸುವ ಪಿಸಿಆರ್ ಎಂಬ ತಂತ್ರ 1985ರಲ್ಲಿ ಮೊದಲ ಬಾರಿಗೆ ಪ್ರಕಟವಾದದ್ದೇ ಈ ಆರನೇ ಪದವನ್ನು ಓದಲು. ಆಗ ಪ್ರತಿ ಸುತ್ತಿಗೂ ನಕಲು ಮಾಡುವ ಹೊಸ ಎಂಜೈಮನ್ನು ಕೈಯಾರೆ ಸುರಿಯಬೇಕಿತ್ತು, ಏಕೆಂದರೆ ಕಾಯಿಸಿದಾಗ ಹಳೆಯದು ಸಾಯುತ್ತಿತ್ತು. ಬಿಸಿನೀರ ಬುಗ್ಗೆಯ ಬ್ಯಾಕ್ಟೀರಿಯಾದಿಂದ ತೆಗೆದ ಟ್ಯಾಕ್ ಎಂಜೈಮ್ ಆಮೇಲೆ ಬಂತು.

ರಕ್ತವನ್ನು ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಇರುವ ನೇರಳೆ ಮುಚ್ಚಳದ ಟ್ಯೂಬಿನಲ್ಲೇ ತೆಗೆದುಕೊಳ್ಳಿ. ಹೆಪಾರಿನ್ ಇರುವ ಹಸಿರು ಮುಚ್ಚಳದ್ದಾದರೆ ಪಿಸಿಆರ್ ಕೈಕೊಡುತ್ತದೆ. ಬಿಳಿ ರಕ್ತಕಣಗಳಿಂದ ಡಿಎನ್‌ಎ ಬೇರ್ಪಡಿಸಬೇಕು, ಮನುಷ್ಯನ ಬೆಳೆದ ಕೆಂಪು ಕಣಕ್ಕೆ ಕೋಶಕೇಂದ್ರವೇ ಇಲ್ಲ. 25 ಮೈಕ್ರೋಲೀಟರ್‌ನ ಮಿಶ್ರಣಕ್ಕೆ ಹತ್ತು ಪಟ್ಟು ಗಾಢ ಬಫರ್ 2.5 ಮೈಕ್ರೋಲೀಟರ್, ಮೆಗ್ನೀಸಿಯಂ 1.5 ಮಿಲಿಮೋಲಾರ್, ನಾಲ್ಕೂ ಅಕ್ಷರಗಳು ತಲಾ 0.2 ಮಿಲಿಮೋಲಾರ್, ಎರಡೂ ಪ್ರೈಮರ್ (ತುಣುಕಿನ ಎರಡು ತುದಿಗೆ ಕೂರುವ ಪುಟ್ಟ ಡಿಎನ್‌ಎ ಎಳೆಗಳು) ತಲಾ 0.2ರಿಂದ 0.4 ಮೈಕ್ರೋಮೋಲಾರ್, ಟ್ಯಾಕ್ ಒಂದು ಯೂನಿಟ್, ಡಿಎನ್‌ಎ 50-100 ನ್ಯಾನೋಗ್ರಾಂ, ಉಳಿದದ್ದು ನೀರು. 95 ಡಿಗ್ರಿಯಲ್ಲಿ 5 ನಿಮಿಷ. ಆಮೇಲೆ 94ರಲ್ಲಿ ಎಳೆ ಬಿಡಿಸಿ, 58ರ ಆಸುಪಾಸಿನಲ್ಲಿ ಪ್ರೈಮರ್ ಕೂರಿಸಿ, 72ರಲ್ಲಿ ಬೆಳೆಸಿ, ಒಂದೊಂದಕ್ಕೂ 30 ಸೆಕೆಂಡ್. ಹೀಗೆ 30 ಸುತ್ತು. ಪ್ರತಿ ಸುತ್ತಿಗೂ ಇಮ್ಮಡಿಯಾದರೆ ಒಂದು ಪ್ರತಿ ನೂರು ಕೋಟಿ ದಾಟುತ್ತದೆ (ನಿಜದಲ್ಲಿ ಕೊನೆಯ ಸುತ್ತುಗಳು ಸೊರಗುತ್ತವೆ). ಡಿಎನ್‌ಎ ಹಾಕದ, ಬರೀ ನೀರಿನ ಟ್ಯೂಬ್ ಒಂದಿರಲೇಬೇಕು. ಕೊನೆಗೆ ಜೆಲ್‌ನಲ್ಲಿ (ತುಣುಕುಗಳನ್ನು ಉದ್ದದ ಪ್ರಕಾರ ಪಟ್ಟಿಗಳಾಗಿ ಬೇರ್ಪಡಿಸುವ ಪದರ) ಅದರಲ್ಲೂ ಪಟ್ಟಿ ಕಂಡರೆ ಎಲ್ಲೋ ಕಲಬೆರಕೆಯಾಗಿದೆ, ಅವತ್ತಿನ ಫಲಿತಾಂಶವೆಲ್ಲ ತಿಪ್ಪೆಗೆ. ರಕ್ತದ ಬಣ್ಣ ಡಿಎನ್‌ಎಯಲ್ಲಿ ಉಳಿದಿದ್ದರೆ ಹೀಮ್ ಎಂಜೈಮನ್ನು ತಡೆಯುತ್ತದೆ. ಇಡಿಟಿಎ ಹೆಚ್ಚಾಗಿ ಉಳಿದರೆ ಅದು ಮೆಗ್ನೀಸಿಯಂ ಹಿಡಿದಿಟ್ಟುಕೊಳ್ಳುತ್ತದೆ. ಎರಡರಲ್ಲೂ ಜೆಲ್ ಖಾಲಿ.

ಬೆಳೆಸಿದ ತುಣುಕಿಗೆ ಈಗ ಕತ್ತರಿ. ಎಂಎಸ್‌ಟಿ-2 ಎಂಬ ಎಂಜೈಮ್ ಏಳಕ್ಷರದ ಒಂದು ಗುರುತು ಹುಡುಕುತ್ತದೆ: ಸಿಸಿಟಿ, ನಡುವೆ ಯಾವುದಾದರೂ ಒಂದಕ್ಷರ, ಆಮೇಲೆ ಎಜಿಜಿ. ಮೇಲಿನ ಸಾಲಿಗೆ ಹೋಗಿ ನೋಡಿ, ಸಿಸಿಟಿ-ಜಿ-ಎಜಿಜಿ ಅಲ್ಲೇ ಇದೆ. ಎಸ್‌ನಲ್ಲಿ ಅದು ಸಿಸಿಟಿ-ಜಿ-ಟಿಜಿಜಿ, ಕತ್ತರಿ ಬೀಳುವುದಿಲ್ಲ. 10 ಮೈಕ್ರೋಲೀಟರ್ ಪಿಸಿಆರ್ ದ್ರಾವಣ, 2 ಬಫರ್, 1 ಎಂಜೈಮ್, 7 ನೀರು, 37 ಡಿಗ್ರಿಯಲ್ಲಿ ಮೂರ್ನಾಲ್ಕು ತಾಸು. ಎಂಜೈಮ್ ಪಾಲು ಹತ್ತನೇ ಒಂದಕ್ಕಿಂತ ಹೆಚ್ಚಬಾರದು, ಅದರ ಜೊತೆ ಬರುವ ಗ್ಲಿಸರಾಲ್ ಹೆಚ್ಚಾದರೆ ಕತ್ತರಿ ಎಲ್ಲೆಂದರಲ್ಲಿ ಬೀಳಬಹುದು. ಆಮೇಲೆ 2.5% ಅಗರೋಸ್ ಜೆಲ್, 100 ವೋಲ್ಟ್, ಮುಕ್ಕಾಲು ತಾಸು. ಲೆಕ್ಕಕ್ಕೆ ತುಣುಕು 300 ಅಕ್ಷರದ್ದು, ಕತ್ತರಿ 200ರ ಬಳಿ ಬೀಳುತ್ತದೆ ಎಂದಿಟ್ಟುಕೊಳ್ಳಿ. ಎಎ ಆದರೆ 200 ಮತ್ತು 100, ಎಸ್‌ಎಸ್ ಆದರೆ 300 ಒಂದೇ, ಎಎಸ್ ಆದರೆ ಮೂರೂ ಪಟ್ಟಿ. ಎಎಸ್‌ನಲ್ಲಿ 300ರ ಪಟ್ಟಿ ನಿರೀಕ್ಷೆಗಿಂತ ದಪ್ಪ ಕಂಡರೆ ಗಾಬರಿ ಬೇಡ. ಕೊನೆಯ ಸುತ್ತುಗಳಲ್ಲಿ ಎ ಎಳೆಯೂ ಎಸ್ ಎಳೆಯೂ ಪರಸ್ಪರ ಜೋಡಿಯಾಗಿಬಿಡುತ್ತವೆ, ಅಂಥ ಬೆರಕೆ ಜೋಡಿಯನ್ನು ಎಂಜೈಮ್ ಕತ್ತರಿಸುವುದಿಲ್ಲ.

ಇಲ್ಲಿನ ಬಲೆ ಎಲ್ಲಿದೆ ಗೊತ್ತೇ? ಎಂಜೈಮ್ ಕೆಟ್ಟಿದ್ದರೆ ಆರೋಗ್ಯವಂತನೂ ಎಸ್‌ಎಸ್ ಆಗಿ ಕಾಣುತ್ತಾನೆ, ಅರ್ಧ ಕೆಲಸ ಮಾಡಿದರೆ ಎಎಸ್ ಆಗಿ. ಪ್ರತಿ ಸಲ ಗೊತ್ತಿರುವ ಎಎ ಮಾದರಿ ಪಕ್ಕದಲ್ಲಿರಬೇಕು. ಎಲ್ಲರಲ್ಲೂ ಕತ್ತರಿ ಬೀಳುವ ಇನ್ನೊಂದು ಜಾಗ ತುಣುಕಿನೊಳಗೇ ಇರುವಂತೆ ಪ್ರೈಮರ್ ಆಯ್ದುಕೊಂಡರೆ ಇನ್ನೂ ಕ್ಷೇಮ. ಅದಕ್ಕಿಂತ ಸೂಕ್ಷ್ಮವಾದದ್ದು ಇನ್ನೊಂದು. ಹಿಮೋಗ್ಲೋಬಿನ್ ಸಿಯಲ್ಲಿ ಪದ ಎಎಜಿ, ಅಂದರೆ ಸಿಸಿಟಿ-ಎ-ಎಜಿಜಿ. ನಡುವೆ ಯಾವ ಅಕ್ಷರವಾದರೂ ಎಂಜೈಮಿಗೆ ಅಡ್ಡಿಯಿಲ್ಲ, ಕತ್ತರಿಸಿಬಿಡುತ್ತದೆ, ವರದಿ "ಸಹಜ". ಎ ಬಿದ್ದುಹೋದ ಥಲಸೀಮಿಯಾದಲ್ಲಿ ಗುರುತು ಕೆಟ್ಟಿದೆ, ಕತ್ತರಿಸುವುದಿಲ್ಲ, ವರದಿ "ಎಸ್". ಎಂಜೈಮ್ ಹೇಳುವುದು ಗುರುತು ಇದೆಯೋ ಇಲ್ಲವೋ ಎಂದು ಮಾತ್ರ. ಅಲ್ಲಿ ಟಿ ಬಂದಿದೆ ಎಂದು ಅದು ಹೇಳಿಯೇ ಇಲ್ಲ, ನಾವು ಊಹಿಸಿಕೊಂಡದ್ದು. ಅನುಮಾನವಿದ್ದರೆ ಎಚ್‌ಪಿಎಲ್‌ಸಿ ಜೊತೆ ತಾಳೆ ನೋಡಿ, ಇಲ್ಲವೇ ಅಕ್ಷರ ಅಕ್ಷರವಾಗಿ ಸೀಕ್ವೆನ್ಸಿಂಗ್ ಮಾಡಿಸಿ.

ಇಂಥ ತಪ್ಪಕ್ಷರ ಇಷ್ಟು ಜನರಲ್ಲಿ ಉಳಿದದ್ದೇಕೆ ಎಂಬುದಕ್ಕೆ ಉತ್ತರ ಮಲೇರಿಯಾ. ಎಎಸ್ ಇದ್ದವರಿಗೆ ಫಾಲ್ಸಿಪಾರಂ ಮಲೇರಿಯಾ ತೀವ್ರವಾಗುವುದು ಕಡಿಮೆ, 1954ರಲ್ಲಿ ಆಂಥೊನಿ ಆಲಿಸನ್ ಪೂರ್ವ ಆಫ್ರಿಕಾದಲ್ಲಿ ತೋರಿಸಿದ್ದು. ಭಾರತದಲ್ಲಿ ಎಸ್ ಮೊದಲು ವರದಿಯಾದದ್ದು 1952ರಲ್ಲಿ, ನಮ್ಮ ಗಡಿಯಾಚೆಯ ನೀಲಗಿರಿಯ ಬುಡಕಟ್ಟುಗಳಲ್ಲಿ. ಕರ್ನಾಟಕದಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರು, ಮೈಸೂರು-ಕೊಡಗಿನ ಕಾಡಂಚಿನ ಜೇನುಕುರುಬರಂಥ ಸಮುದಾಯಗಳಲ್ಲಿದೆ. ಇದು ಯಾವ ಜನಾಂಗದ ದೋಷವೂ ಅಲ್ಲ, ಮಲೇರಿಯಾ ಇದ್ದ ಕಾಡಿನ ಲೆಕ್ಕಾಚಾರ. ಒಂದು ಊರಿನ ಜೀನ್‌ಪ್ರತಿಗಳಲ್ಲಿ ಹತ್ತಕ್ಕೊಂದು ಎಸ್ ಆಗಿದ್ದರೆ ನೂರು ಜನರಲ್ಲಿ ಸುಮಾರು 18 ವಾಹಕರು, ಒಬ್ಬ ರೋಗಿ. ಹದಿನೆಂಟು ಜನಕ್ಕೆ ಸಿಕ್ಕ ರಕ್ಷಣೆಗೆ ಒಬ್ಬ ಬೆಲೆ ತೆರುತ್ತಾನೆ. ಕೇಂದ್ರ ಸರ್ಕಾರ 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಶುರುಮಾಡಿದ ಅಭಿಯಾನ 40 ವರ್ಷದೊಳಗಿನ 7 ಕೋಟಿ ಜನರ ತಪಾಸಣೆಯ ಗುರಿ ಇಟ್ಟುಕೊಂಡಿದೆ, ಅದರಲ್ಲಿ ಕರ್ನಾಟಕವೂ ಸೇರಿದೆ.

ಚಿಕಿತ್ಸೆಯ ದಾರಿ ಮಾತ್ರ ಆರನೇ ಪದದ ಪಕ್ಕದಿಂದ ಹಾದುಹೋಗುತ್ತದೆ. ಕೂಸುಗಳನ್ನು ಆರು ತಿಂಗಳು ಕಾಯುವ ಹಿಮೋಗ್ಲೋಬಿನ್ ಎಫ್ ದೊಡ್ಡವರಲ್ಲೂ ಉಳಿದರೆ ನಾರು ಕಟ್ಟುವುದು ಕಡಿಮೆಯಾಗುತ್ತದೆ. ಭಾರತ ಮತ್ತು ಅರಬ್ ಸೀಮೆಯ ರೋಗಿಗಳಲ್ಲಿ ಹುಟ್ಟಿನಿಂದಲೇ ಎಫ್ ತುಸು ಹೆಚ್ಚಿರುವುದು ಸಾಮಾನ್ಯ, ಅದಕ್ಕೇ ಅನೇಕರಲ್ಲಿ ಕಾಯಿಲೆ ಸೌಮ್ಯ. ಹೈಡ್ರಾಕ್ಸಿಯೂರಿಯಾ ಮಾತ್ರೆ ಹೆಚ್ಚಿಸುವುದೂ ಎಫ್ ಅನ್ನೇ. 2023ರ ಕೊನೆಯಲ್ಲಿ ಬ್ರಿಟನ್, ಅಮೆರಿಕಗಳಲ್ಲಿ ಒಪ್ಪಿಗೆ ಪಡೆದ ಕ್ಯಾಸ್ಜೆವಿ ಎಂಬ ಜೀನ್ ತಿದ್ದುವ ಚಿಕಿತ್ಸೆ ಕೂಡ ಟಿಯನ್ನು ಮತ್ತೆ ಎ ಮಾಡುವುದಿಲ್ಲ. ಎಫ್ ಅನ್ನು ಅದುಮಿ ಹಿಡಿಯುವ ಬಿಸಿಎಲ್11ಎ ಎಂಬ ಬೇರೆ ಜೀನಿನ ಸ್ವಿಚ್ಚನ್ನು ರೋಗಿಯದೇ ಮೂಲಕೋಶಗಳಲ್ಲಿ ಕೆಡಿಸುತ್ತದೆ. ತಪ್ಪಕ್ಷರ ತಪ್ಪಾಗಿಯೇ ಉಳಿಯುತ್ತದೆ.

ಕೊನೆಗೆ ಆ ಎಣಿಕೆಯ ವಿಷಯ. ಹಳೆಯ ವರದಿಗಳಲ್ಲಿ ಇ6ವಿ ಎಂದಿರುತ್ತದೆ: ಆರನೇ ಜಾಗದ ಗ್ಲುಟಾಮಿಕ್ ಆಮ್ಲ (ಸಂಕೇತ ಇ) ವ್ಯಾಲೀನ್ (ಸಂಕೇತ ವಿ) ಆಗಿದೆ. ಹೊಸ ವರದಿಗಳಲ್ಲಿ ಇ7ವಿ. ಇದು ಬೇರೆ ಮ್ಯುಟೇಶನ್ ಅಲ್ಲ. ಈಗಿನ ನಿಯಮದಲ್ಲಿ ಕಿತ್ತು ಹಾಕಿದ ಮೆಥಿಯೊನೀನನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಡಿಎನ್‌ಎ ಮಟ್ಟದಲ್ಲಿ ಬರೆದಾಗ ಸಿ.20ಎ>ಟಿ ಎಂದಿರುತ್ತದೆ, ಇಲ್ಲಿ ಸಿ ಅಂದರೆ ಓದಿಸಿಕೊಳ್ಳುವ ಭಾಗ ಎಂದರ್ಥ, ಅಕ್ಷರ ಸಿ ಅಲ್ಲ. ಮೇಲಿನ ಸಾಲಿನಲ್ಲಿ ಎಟಿಜಿಯ ಎ ಅನ್ನು ಒಂದು ಎಂದು ಹಿಡಿದು ಬೆರಳಲ್ಲಿ ಎಣಿಸಿ ನೋಡಿ, ಇಪ್ಪತ್ತನೆಯದು ಮೊದಲ ಜಿಎಜಿಯ ನಡುವಿನ ಎ.